ಎರಡನೆಯ ಟವೆಲ್

ವಡಗೇರಾದ ಮದುವೆಯೊಂದರಲ್ಲಿ ನನಗೆ ಎರಡನೆಯ ಟವೆಲ್ ಹೊದಿಸಿದರು. ಅಂದಿನ ಮದುಮಗನಿಗೆ ಈಗ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಸಂಗತಿ ಹಳೆಯದಾಯಿತು, ಬಿಟ್ಟುಬಿಡಿ ಎಂದು ಹಲವರು ನನಗೆ ಬುದ್ಧಿ ಹೇಳಿದ್ದಾರೆ. ಹಾಗೆ ಹೇಳಿದವರೆಲ್ಲ ಮೊದಲನೆಯ ಟವೆಲ್ ಹೊದ್ದವನ ಕಡೆಯವರು ಎಂಬುದನ್ನು ಮಾತ್ರ ಇಲ್ಲಿ ದಾಖಲಿಸುತ್ತೇನೆ.

ನಮ್ಮ ಪದ್ಧತಿ ತಿಳಿಯದವರಿಗಾಗಿ ಒಂದು ಮಾತು. ನಮ್ಮ ವಂಶದಲ್ಲಿ ಯಾರ ಮನೆಯ ಮದುವೆಯೇ ಆಗಲಿ, ಅಕ್ಷತೆ ಬೀಳುವ ಮೊದಲು ಹಿರಿಯ ಮನೆಯವನನ್ನು ಕರೆದು ಹೆಗಲಿಗೆ ಟವೆಲ್ ಹೊದಿಸಿ, ಕೈಗೆ ತೆಂಗಿನಕಾಯಿ ಕೊಡುತ್ತಾರೆ. ಕಿರಿಯ ಮನೆಯವನ ಸರದಿ ಅದರ ನಂತರ. ಇಲ್ಲಿ ವಯಸ್ಸಿಗೆ ಬೆಲೆಯಿಲ್ಲ, ಓದಿಗೆ ಬೆಲೆಯಿಲ್ಲ, ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಒಂದು ಕಡತವನ್ನೂ ಕಳೆಯದೆ ನಿವೃತ್ತನಾದ ಗುಮಾಸ್ತನಿಗಂತೂ ಏನೇನೂ ಬೆಲೆಯಿಲ್ಲ. ಹಿಂದೆ ಬಳಿಚಕ್ರದಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ಒಬ್ಬರು ಊರಲ್ಲೇ ಉಳಿದರು. ಅವರ ಮರಿಮಗ ಇಂದಿಗೂ ಅಲ್ಲಿ ಮಳೆಯನ್ನು ನಂಬಿ ತೊಗರಿ, ಜೋಳ ಬೆಳೆಯುತ್ತಿದ್ದಾನೆ. ಇನ್ನೊಬ್ಬರು ಶಹಾಪುರಕ್ಕೆ ಬಂದರು. ಅವರ ಮರಿಮಗ ನಾನು. ಇಬ್ಬರಲ್ಲಿ ಹಿರಿಯರು ಯಾರೆಂದು ಬರೆದಿಟ್ಟವರಿಲ್ಲ. ಬರಹವಿಲ್ಲದ ಕಡೆ ಗಂಟಲು ದೊಡ್ಡದಿದ್ದವನ ಮಾತು ನಡೆಯುತ್ತದೆ. ಬಳಿಚಕ್ರದವನ ಗಂಟಲು ಹೊಲದ ಆ ತುದಿಯಿಂದ ಈ ತುದಿಗೆ ಮುಟ್ಟುವಂಥದು.

ಅವನೂ ನಾನೂ ಓರಗೆಯವರು. ನಾನು ಅವನನ್ನು ‘ತಮ್ಮಾ’ ಎಂದು ಕರೆಯುತ್ತೇನೆ. ಅವನು ನನ್ನನ್ನು ‘ತಮ್ಮಾ’ ಎಂದು ಕರೆಯುತ್ತಾನೆ. ಇಬ್ಬರು ತಮ್ಮಂದಿರೂ ಒಬ್ಬ ಅಣ್ಣನಿಲ್ಲದೆ ಎಪ್ಪತ್ತು ದಾಟಿದ್ದೇವೆ.

ಕಳೆದ ವರ್ಷ ಸುರಪುರದಲ್ಲಿರುವ ಸಂಬಂಧಿಯೊಬ್ಬ ತನ್ನ ಮಗಳ ಮದುವೆ ಗೊತ್ತುಮಾಡಿದ. ನಮ್ಮಿಬ್ಬರಿಗೂ ಸಮದೂರದವನು, ಬುದ್ಧಿವಂತ. ವಡಗೇರಾದಲ್ಲಿ ನಾನು ಊಟ ಬಿಟ್ಟು ಎದ್ದುಬಂದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಫೋನ್ ಮಾಡಿ, “ಮೊದಲ್ನೇ ಟಾವೆಲ್ ಯಾರಿಗಿ ಅಂಬೂದು ನೀವಿಬ್ರೂ ಕೂಡಿ ಠರಾಯಿಸಿ ಹೇಳ್ರಿ ಕಾಕಾ. ನಮ್ಮ ಹುಡುಗಿ ಮದುವ್ಯಾಗ ಜಗಳ ಬ್ಯಾಡ್ರಿ” ಎಂದ. ನಾನು ಜಗಳ ಮಾಡುವವನಲ್ಲ. ಪುರಾವೆ ಕೊಡುವವನು. ಮದುವೆಗೆ ಇನ್ನೂ ಸಾಕಷ್ಟು ಕಾಲವಿತ್ತು. ಅಷ್ಟರೊಳಗೆ ಹಿರಿಯ ಮನೆ ನಮ್ಮದೆಂದು ದಾಖಲೆಸಮೇತ ಸಾಧಿಸುತ್ತೇನೆ ಎಂದು ಅವನಿಗೆ ಮಾತು ಕೊಟ್ಟೆ. ಫೋನಿಟ್ಟ ಮೇಲೆ ನನ್ನ ಹೆಂಡತಿ, ಟವೆಲ್ ಬೇಕಿದ್ದರೆ ಪೇಟೆಯಲ್ಲಿ ಒಳ್ಳೆಯವೇ ಸಿಗುತ್ತವಲ್ಲ ಎಂದಳು. ಇಂಥ ಮಾತುಗಳಿಗೆ ನಾನು ಉತ್ತರ ಕೊಡುವುದಿಲ್ಲ, ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ.

ವಂಶದ ಇತಿಹಾಸ ಹುಡುಕಲು ಈಗ ಮನೆ ಬಿಟ್ಟು ಏಳಬೇಕಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಗಣಕಯಂತ್ರವನ್ನು ಕಚೇರಿಯ ಕೊನೆಯ ವರ್ಷಗಳಲ್ಲಿ ನಾನು ಹಟಹಿಡಿದು ಕಲಿತಿದ್ದೆ. ಮನೆಯಲ್ಲೇ ಒಂದು ಇಟ್ಟುಕೊಂಡಿದ್ದೇನೆ. ಯಾವ ಜಾಲತಾಣ ಎಷ್ಟು ಉಪಯೋಗ ಎಂಬುದನ್ನು ನನ್ನಂತೆಯೇ ಹೊರಟಿರುವವರಿಗಾಗಿ ಇಲ್ಲಿ ಹೇಳಿಬಿಡುತ್ತೇನೆ. ನಾನು ಬಿದ್ದ ಹಳ್ಳದಲ್ಲಿ ಅವರೂ ಬೀಳುವುದು ಬೇಡ.

ಮೊದಲು ತೆರೆದದ್ದು ಸರ್ಕಾರದ ಭೂದಾಖಲೆಗಳ ತಾಣ. ಬಹಳ ಉಪಯುಕ್ತ. ಸರ್ವೆ ನಂಬರು ಗೊತ್ತಿದ್ದರೆ ಯಾರ ಹೊಲ ಯಾರ ಹೆಸರಿಗೆ ಯಾವಾಗ ಬಂತೆಂದು ಹಿಂದೆ ಹಿಂದೆ ಹೋಗಬಹುದು. ಆದರೆ ಸ್ವಲ್ಪ ದೂರ ಹೋದ ಮೇಲೆ ದಾರಿ ನಿಜಾಮರ ಕಾಲದ ಉರ್ದುವಿಗೆ ಮುಟ್ಟುತ್ತದೆ. ನಮ್ಮ ತಂದೆಯ ಕಾಲದವರಿಗೆ ಆ ಭಾಷೆ ನೀರು ಕುಡಿದಷ್ಟು ಸಲೀಸಾಗಿತ್ತು, ನನಗೆ ಅಕ್ಷರವೂ ಬಾರದು. ಮನೆಯಲ್ಲೇ ಇದ್ದ ಒಂದು ಹಳೆಯ ಕಾಗದದ ಚಿತ್ರವನ್ನು ಅನುವಾದ ಮಾಡುವ ಯಂತ್ರಕ್ಕೆ ಕೊಟ್ಟೆ. ಅದು ಬಹುಪಾಲು ಅಕ್ಷರಗಳನ್ನು ಗುರುತಿಸಲೇ ಇಲ್ಲ. ಗುರುತಿಸಿದ್ದರಲ್ಲಿ ‘ಖುಷ್ಕಿ’ ಎಂಬುದೊಂದು. ನಮ್ಮ ಕಡೆ ಖುಷ್ಕಿ ಎಂದರೆ ನೀರಾವರಿಯಿಲ್ಲದ ಹೊಲ ಎಂದು ಹುಡುಗರಿಗೂ ಗೊತ್ತು. ಯಂತ್ರ ಮಾತ್ರ ನಮ್ಮ ಪೂರ್ವಜರನ್ನು ‘ಒಣಗಿದ ಮನುಷ್ಯ’ ಎಂದು ಬರೆದುಕೊಟ್ಟಿತು. ಹೆಂಡತಿ ಅದನ್ನು ಓದಿ, ಇದು ನಿಮ್ಮ ವಂಶದ್ದೇ ದಾಖಲೆ, ಸಂಶಯವಿಲ್ಲ ಎಂದಳು.

ಎರಡನೆಯದು ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಟ್ಟಿರುವ ಗ್ರಂಥಾಲಯಗಳು. ಇಂಗ್ಲಿಷರು, ನಿಜಾಮರು ಬರೆಸಿದ ಪ್ರಾಂತ್ಯದ ವರ್ಣನೆಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಸುರಪುರದ ಅರಸರ ಮೇಲೆ ಪುಟಗಟ್ಟಲೆ ಇದೆ. ಶಿರವಾಳದ ಗುಡಿಗಳ ಮೇಲೂ ಇದೆ. ನಮ್ಮ ಎರಡು ಮನೆಗಳಲ್ಲಿ ಹಿರಿಯದು ಯಾವುದೆಂಬ ಬಗ್ಗೆ ಒಂದು ಸಾಲೂ ಇಲ್ಲ. ಅಷ್ಟು ದೊಡ್ಡ ಸರ್ಕಾರ, ಅಷ್ಟು ಜನ ಕಾರಕೂನರು. ವಿಚಾರಿಸಬೇಕಾದದ್ದನ್ನು ವಿಚಾರಿಸಲೇ ಇಲ್ಲ.

ಮೂರನೆಯದು ವಂಶವೃಕ್ಷದ ತಾಣ. ಇದರ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷ ಎಚ್ಚರ ವಹಿಸಬೇಕು. ನಮ್ಮಲ್ಲಿ ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಹೀಗಾಗಿ ಮುತ್ತಜ್ಜನ ಹೆಸರೂ ತಂದೆಯ ಹೆಸರೂ ಒಂದೇ, ಅಜ್ಜನ ಹೆಸರೂ ನನ್ನ ಹೆಸರೂ ಒಂದೇ. ಎಲ್ಲರನ್ನೂ ಕ್ರಮವಾಗಿ ತುಂಬಿದ ಮೇಲೆ ಆ ತಾಣ ಬಹಳ ವಿನಯದಿಂದ ಒಂದು ಪ್ರಶ್ನೆ ಕೇಳಿತು: ಈ ಇಬ್ಬರೂ ಒಬ್ಬರೇ ವ್ಯಕ್ತಿ ಇರಬಹುದೇ? ಇಬ್ಬರೂ ಒಂದೇ ಹೆಸರಿನವರಲ್ಲವೇ ಎಂದು ಕೇಳುತ್ತಿದೆ ಎಂದುಕೊಂಡು ‘ಹೌದು’ ಒತ್ತಿದೆ. ಒತ್ತಿದ ಕ್ಷಣದಲ್ಲಿ ಮುತ್ತಜ್ಜನೂ ತಂದೆಯೂ ಒಬ್ಬರಾದರು. ಅಜ್ಜ ಅವರ ಮಗನಾಗಿದ್ದವರು, ನಾನೂ ಅವರ ಮಗ. ಹಾಗಾಗಿ ಅಜ್ಜ ನನ್ನ ಅಣ್ಣನಾಗಿ ಪಕ್ಕದಲ್ಲಿ ಬಂದು ನಿಂತರು. ಯಂತ್ರಕ್ಕೆ ಅಷ್ಟಕ್ಕೂ ಸಮಾಧಾನವಿಲ್ಲ. ಒಂದೇ ಹೆಸರಿನ ಈ ಸಹೋದರರಿಬ್ಬರೂ ಒಬ್ಬರೇ ಇರಬಹುದೇ ಎಂದು ಮತ್ತೆ ಕೇಳಿತು.

ಹಿಂದೆ ನಿಂತು ನೋಡುತ್ತಿದ್ದ ಹೆಂಡತಿ ಅಜ್ಜನ ಹೆಸರಿಗೆ ಬೆರಳಿಟ್ಟು, “ಹಂಗಾದ್ರ ನಾ ಇಷ್ಟು ದಿವಸ ನಿಮ್ಮ ಮುತ್ಯಾನ ಕೂಡ ಸಂಸಾರ ಮಾಡೀನೇನ್ರಿ?” ಎಂದಳು. “ಅದಕ್ಕ ನನಗ ಆವಾಗಾವಾಗ ಹಂಗ ಅನಸ್ತಿತ್ತು.”

ಆ ಗಂಟನ್ನು ಬಿಡಿಸಲು ನನಗೆ ಎರಡು ವಾರ ಬೇಕಾಯಿತು. ಬಿಡಿಸುವಾಗ ಒಬ್ಬ ಅತ್ತೆ ಕಳೆದುಹೋದಳು. ಅವಳನ್ನು ಮತ್ತೆ ಹುಡುಕಿ ತಂದು ಕೂಡಿಸಿದೆ.

ಕೊನೆಗೆ ಕೈ ಹಿಡಿದದ್ದು ಯಾರೂ ಇತಿಹಾಸವೆಂದು ಓದದ ವಸ್ತು, ಮತದಾರರ ಪಟ್ಟಿ. ಊರೂರಿನ ಪಟ್ಟಿಯನ್ನು ಮನೆಯಲ್ಲಿ ಕುಳಿತು ಇಳಿಸಿಕೊಳ್ಳಬಹುದು. ಪ್ರತಿಯೊಬ್ಬರ ಮುಂದೆ ತಂದೆಯ ಇಲ್ಲವೇ ಗಂಡನ ಹೆಸರು, ವಯಸ್ಸು, ಮನೆ ನಂಬರು. ವಂಶ ಹುಡುಕುವವರು ಮೊದಲು ಇದನ್ನೇ ಹಿಡಿಯಬೇಕು ಎಂಬುದು ನನ್ನ ಅನುಭವದ ಮಾತು. ನಮ್ಮ ಅಡ್ಡಹೆಸರು ಊರಿನ ಹೆಸರೇ, ಬಳಿಚಕ್ರ. ಬಳಿಚಕ್ರದ ಪಟ್ಟಿಯನ್ನು ಇಳಿಸಿಕೊಂಡು ಮೊದಲಿಂದ ಕೊನೆಯವರೆಗೆ, ಅಡಿಪಟ್ಟಿ ಇಟ್ಟುಕೊಂಡು ಓದಿದೆ. ಆ ಅಡ್ಡಹೆಸರಿನವರು ಊರಲ್ಲಿ ಒಬ್ಬರೂ ಇರಲಿಲ್ಲ. ನನ್ನ ದಾಯಾದಿಯ ಹೆಸರಿನ ಮುಂದೆ ಅವನ ತಂದೆಯ ಹೆಸರು ಇತ್ತು, ಅಷ್ಟೇ. ಊರವರು ಅವರನ್ನು ಬಾವಿಯ ಹತ್ತಿರದ ಮನೆಯವರು ಎನ್ನುತ್ತಾರೆಂದು ನನಗೆ ಗೊತ್ತಿತ್ತು. ಶಹಾಪುರದ ಪಟ್ಟಿಯಲ್ಲಿಯೋ, ನಮ್ಮ ಮನೆಯ ಪ್ರತಿಯೊಬ್ಬರೂ ಆ ಹೆಸರನ್ನು ಕಿರೀಟದಂತೆ ಧರಿಸಿ ಸಾಲಾಗಿ ನಿಂತಿದ್ದೆವು.

ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇಕೆ? ಮನೆತನದ ಹೆಸರು ಹಿರಿಯ ಮನೆಗೆ ಹೋಗುತ್ತದೆ. ಕಿರಿಯರಿಗೆ ಬಾವಿ ಹೋಯಿತು. ನಾನು ಬಳಿಚಕ್ರಕ್ಕೆ ಫೋನ್ ಮಾಡಿ, ಪಟ್ಟಿಯ ಭಾಗ ಸಂಖ್ಯೆ ಸಮೇತ ವಿಷಯವನ್ನು ವಿವರಿಸಿದೆ. ಅವನು ಕೂಗಾಡುತ್ತಾನೆಂದು ಕಿವಿಯಿಂದ ಫೋನನ್ನು ಸ್ವಲ್ಪ ದೂರವೇ ಹಿಡಿದಿದ್ದೆ. ಅವನು ಕೂಗಾಡಲಿಲ್ಲ.

“ಆಯ್ತು ತಗೋ ತಮ್ಮಾ,” ಎಂದ. “ನಿನ್ನ ಕಂಪ್ಯೂಟರ್ ಹೇಳ್ಯಾದ ಅಂದ ಮ್ಯಾಲ ನಾ ಏನ್ ಹೇಳ್ಲಿ. ಮೊದಲ್ನೇದು ನೀನೇ ಹಾಕ್ಕೋ.”

ಗೆಲುವು ಇಷ್ಟು ಸಲೀಸಾಗಿ ಬಂದದ್ದು ನನಗೆ ಸ್ವಲ್ಪ ಬೇಸರ ತಂದಿತು. ಇನ್ನೂ ನಾಲ್ಕು ವಾದಗಳನ್ನು ಸಿದ್ಧಮಾಡಿಕೊಂಡಿದ್ದೆ. ಆದರೂ ಆ ದಿನವೇ ಸುರಪುರಕ್ಕೆ ತಿಳಿಸಿದೆ. ಮೊದಲನೆಯ ಟವೆಲ್ ಶಹಾಪುರಕ್ಕೆ ಎಂದು ತೀರ್ಮಾನವಾಯಿತು. ಮದುಮಗಳ ತಂದೆ ಬಹಳ ಸಂತೋಷಪಟ್ಟು, ಈಗಲೇ ಬರೆದುಕೊಂಡೆ ಕಾಕಾ ಎಂದ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಇಂದು ಸುಖವಾಗಿರುತ್ತಿದ್ದೆ. ಕಚೇರಿಯ ಚಾಳಿ ಬಿಡಲಿಲ್ಲ. ಯಾವ ಲೆಕ್ಕವನ್ನೂ ಇನ್ನೊಂದು ಲೆಕ್ಕದಿಂದ ತಾಳೆ ನೋಡದೆ ಮುಂದಕ್ಕೆ ಕಳಿಸಿದವನಲ್ಲ ನಾನು. ಮದುವೆಗೆ ಕೆಲವೇ ದಿನವಿರುವಾಗ, ನನ್ನ ಪುರಾವೆ ಬೇರೆ ಮನೆತನಗಳಿಗೂ ಹೊಂದುತ್ತದೆಯೇ ನೋಡೋಣವೆಂದು ಶಿರವಾಳದ ಪಟ್ಟಿಯನ್ನು ತೆರೆದೆ. ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಅಡ್ಡಹೆಸರು ಶಿರವಾಳ. ಅವರ ಹಿರಿಯ ಮನೆ ಅಲ್ಲಿ ಸಿಗಬೇಕಿತ್ತು. ಸಿಗಲಿಲ್ಲ. ಶಿರವಾಳದಲ್ಲಿ ಶಿರವಾಳದವರೇ ಇಲ್ಲ. ವಡಗೇರಾದ ಪಟ್ಟಿ ತೆರೆದೆ. ಅಲ್ಲಿ ವಡಗೇರಾ ಎಂಬ ಅಡ್ಡಹೆಸರಿಲ್ಲ. ಆ ಹೆಸರಿನವರು ಶಹಾಪುರದಲ್ಲಿದ್ದರು, ಯಾದಗಿರಿಯಲ್ಲಿದ್ದರು, ಸುರಪುರದಲ್ಲಿದ್ದರು. ಶಹಾಪುರದ ಹೆಸರು ಹೊತ್ತವರು ಶಹಾಪುರವೊಂದನ್ನು ಬಿಟ್ಟು ಎಲ್ಲೆಡೆ ಇದ್ದರು.

ಆಗ ನನಗೆ ಅರ್ಥವಾಯಿತು. ಅರ್ಥವಾದದ್ದು ಎಷ್ಟು ಸರಳವಾಗಿತ್ತೆಂದರೆ, ಎಪ್ಪತ್ತು ವರ್ಷ ಅದನ್ನು ಕಾಣದೆ ಹೇಗೆ ಬದುಕಿದೆನೋ ಎನಿಸಿತು. ಊರಲ್ಲೇ ಇರುವವನನ್ನು ಯಾರೂ ಆ ಊರಿನ ಹೆಸರಿನಿಂದ ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಆ ಊರಿನವರೇ. ಊರು ಬಿಟ್ಟು ಬೇರೆಡೆ ಹೋಗಿ ನಿಂತವನಿಗೆ ಮಾತ್ರ ಆ ಹೆಸರು ಅಂಟುತ್ತದೆ. ನಾನು ಕಿರೀಟವೆಂದುಕೊಂಡದ್ದು ಊರು ಬಿಟ್ಟವರ ಗುರುತು. ನಮ್ಮ ವಂಶದಲ್ಲಿ ಮನೆದೇವರ ಜಗುಲಿಯನ್ನು ಕಾಯುವವನು ಹಿರಿಯ. ಅವನು ಊರು ಬಿಡುವಂತಿಲ್ಲ. ಹೊರಗೆ ಹೋಗುವವನು ಕಿರಿಯ. ಆ ಜಗುಲಿಯ ದೀಪ ಇಂದಿಗೂ ಉರಿಯುತ್ತಿರುವುದು ಬಳಿಚಕ್ರದಲ್ಲಿ, ಬಾವಿಯ ಹತ್ತಿರದ ಮನೆಯಲ್ಲಿ. ಹಿರಿತನ ಸಾಧಿಸಲು ನಾನೇ ಪಟ್ಟಿ ಮಾಡಿ, ಗೆರೆ ಹೊಡೆದು ಕೊಟ್ಟ ಪುರಾವೆ ನಮ್ಮ ಕಿರಿತನವನ್ನು ಸಾಧಿಸಿತ್ತು.

ಹೆಂಡತಿಗೆ ಹೇಳಿದೆ. ಅವಳಿಗೆ ಯಾವ ಆಶ್ಚರ್ಯವೂ ಆಗಲಿಲ್ಲ. ಅವಳ ತವರು ಸುರಪುರ.

“ತವರಮನ್ಯಾಗ ಯಾರೂ ನನಗ ಸುರಪುರದಾಕಿ ಅಂದಿಲ್ರಿ,” ಎಂದಳು. “ಇಲ್ಲಿಗಿ ಬಂದ ಮ್ಯಾಲ ನಿಮ್ಮ ಅವ್ವಾರು ಸಾಯೂತನಕ ನನ್ನ ಹೆಸರು ಹಿಡದು ಕರೀಲಿಲ್ಲ. ಸುರಪುರದಾಕಿ ಉಪ್ಪು ಜಾಸ್ತಿ ಹಾಕ್ಯಾಳ, ಸುರಪುರದಾಕಿ ತಡಾ ಮಾಡ್ಯಾಳ. ನೀವ್ ಒಂದು ಮಾತು ಕೇಳಿದ್ರ ನಾನೇ ಹೇಳ್ತಿದ್ದೆ. ಕರೆಂಟ್ ಬಿಲ್ಲರೆ ಉಳೀತಿತ್ತು.”

ನನ್ನಂತೆಯೇ ಅವಳೂ ಏನನ್ನೂ ಮರೆಯುವುದಿಲ್ಲ ಎಂಬುದು ನನಗೆ ಆಗ ತಿಳಿಯಿತು. ಅವಳು ಗಣಕಯಂತ್ರ ಬಳಸುವುದಿಲ್ಲ, ಅಷ್ಟೇ ವ್ಯತ್ಯಾಸ.

ಮುಂದೇನು ಮಾಡುವುದೆಂಬುದು ನಿಜವಾದ ಪ್ರಶ್ನೆಯಾಗಿ ನಿಂತಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬಳಿಚಕ್ರದವನು ಒಪ್ಪಿದ್ದ, ಸುರಪುರದವನು ಬರೆದುಕೊಂಡಿದ್ದ, ವಡಗೇರಾದ ಅವಮಾನಕ್ಕೆ ಮುನ್ನೂರು ಜನರ ಮುಂದೆ ಉತ್ತರ ಸಿಗುವುದರಲ್ಲಿತ್ತು. ಯಾರಿಗೆ ತಿಳಿಯುತ್ತದೆ, ಹೊದ್ದುಕೊಂಡು ಬನ್ನಿ ಎಂದು ಹೆಂಡತಿಯೂ ಹೇಳಿದಳು. ನನಗೆ ತಿಳಿದಿದೆಯಲ್ಲ ಎಂದೆ. ಇತರರು ನನಗೆ ಮಾಡಿದ್ದನ್ನೆಲ್ಲ ತಾರೀಖಿನೊಂದಿಗೆ ನೆನಪಿಟ್ಟುಕೊಂಡವನಿಗೆ ತಾನು ಮಾಡಿದ ಒಂದನ್ನು ಮಾತ್ರ ಬಚ್ಚಿಡಲು ತಲೆಯಲ್ಲಿ ಜಾಗವಿರಲಿಲ್ಲ.

ಸುರಪುರದ ಕಲ್ಯಾಣಮಂಟಪದಲ್ಲಿ ನಮ್ಮಿಬ್ಬರಿಗೂ ಮುಂದಿನ ಸಾಲಿನಲ್ಲಿ ಅಕ್ಕಪಕ್ಕದ ಕುರ್ಚಿಗಳನ್ನು ಹಾಕಿದ್ದರು. ಬಳಿಚಕ್ರದವನು ಇಸ್ತ್ರಿ ಮಾಡಿದ ಧೋತರ ಉಟ್ಟು, ಮೊದಲ ಸಲ ಗಂಟಲು ತಗ್ಗಿಸಿ ಮಾತಾಡುತ್ತ ಕುಳಿತಿದ್ದ. ಮದುಮಗಳ ತಂದೆ ತಟ್ಟೆಯಲ್ಲಿ ಟವೆಲ್, ಕಾಯಿ ಇಟ್ಟುಕೊಂಡು ನೇರವಾಗಿ ನನ್ನ ಮುಂದೆ ಬಂದ. ನಾನು ಎದ್ದು ನಿಂತು, ಇದು ಅವರಿಗೆ ಸಲ್ಲಬೇಕಾದದ್ದು, ನನ್ನ ಪುರಾವೆಯಲ್ಲಿ ತಪ್ಪಿತ್ತು, ಹಿರಿಯ ಮನೆ ಬಳಿಚಕ್ರದ್ದು ಎಂದೆ. ಸಾಕಷ್ಟು ಗಟ್ಟಿಯಾಗಿಯೇ ಹೇಳಿದೆ. ಹೇಳುವುದಾದರೆ ಎಲ್ಲರಿಗೂ ಕೇಳಬೇಕು. ಹಲಗೆ ಬಾರಿಸುವವರು ಸಹ ನಿಲ್ಲಿಸಿದರು.

ಬಳಿಚಕ್ರದವನು ನನ್ನ ಮುಖವನ್ನೇ ನೋಡಿದ. ಅದರಲ್ಲಿ ಕೃತಜ್ಞತೆಯ ಸುಳಿವಿರಲಿಲ್ಲ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಸಂಶಯವಿತ್ತು. ಬೇಡ ಬೇಡ ಎಂದ. ನಾನು ಬೇಕೇ ಬೇಕು ಎಂದೆ. ಮದುಮಗಳ ತಂದೆ ತಟ್ಟೆ ಹಿಡಿದು ನನ್ನಿಂದ ಅವನ ಕಡೆಗೆ, ಅವನಿಂದ ನನ್ನ ಕಡೆಗೆ ತಿರುಗಿ ತಿರುಗಿ, ಮುಹೂರ್ತ ಮೀರುತ್ತದೆಂದು ಸ್ವಾಮಿಗಳು ಗದರಿದ ಮೇಲೆ ಅವನ ಹೆಗಲಿಗೆ ಹಾಕಿಬಿಟ್ಟ. ಎರಡನೆಯದು ನನಗೆ ಬಂತು. ಅದನ್ನು ನಾನು ತಲೆಯೆತ್ತಿ ಹೊದ್ದುಕೊಂಡೆ. ಅಕ್ಷತೆ ಬಿತ್ತು.

ಜನ ಊಟಕ್ಕೆ ಏಳುತ್ತಿದ್ದರು. ಅವನು ಮಾತ್ರ ಕುರ್ಚಿಯಿಂದ ಏಳಲಿಲ್ಲ.

“ನೀ ಎಂಥಾ ಮನಿಷ್ಯಾ ಇದ್ದೀಯೋ,” ಎಂದ. “ನೀ ಫೋನ್ ಮಾಡಿ ನಿಂದೇ ಹಿರೇ ಮನಿ ಅಂದಾಗ ನನ್ನ ತಲಿಮ್ಯಾಗಿನ ಭಾರ ಇಳದಂಗಾಗಿತ್ತು. ಈಗ ಮತ್ತ ನನ್ನ ಮ್ಯಾಲ ತಂದು ಹಾಕಿದಿ.”

ಯಾವ ಭಾರ ಎಂದು ಕೇಳಿದೆ. ಅವನು ಟವೆಲಿನ ಅಂಚನ್ನು ಬೆರಳಿನಿಂದ ಉಜ್ಜುತ್ತ, ತನ್ನ ಅಜ್ಜಿ ಹೇಳುತ್ತಿದ್ದದ್ದನ್ನು ಹೇಳಿದ. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಕೇಳಿದ ಮಾತಂತೆ. ಅಣ್ಣತಮ್ಮಂದಿರಿಬ್ಬರೂ ಬಂಡಿ ಕಟ್ಟಿಕೊಂಡು ಒಂದು ಮದುವೆಗೆ ಹೋಗಿದ್ದರು. ಅಣ್ಣ ಎತ್ತುಗಳನ್ನು ನೆರಳಿಗೆ ಕಟ್ಟಿ, ನೀರು ಕುಡಿಸಿ ಒಳಗೆ ಬರುವಷ್ಟರಲ್ಲಿ ಅವಸರದವರು ಯಾರೋ ಮೊದಲನೆಯ ಶಲ್ಯವನ್ನು ತಮ್ಮನಿಗೆ ಹೊದಿಸಿಬಿಟ್ಟಿದ್ದರು. ತಮ್ಮನೂ ತೆಗೆದುಕೊಡಲಿಲ್ಲ. ಅಣ್ಣ ಎರಡನೆಯದನ್ನು ಮುಟ್ಟಲಿಲ್ಲ, ಊಟ ಮಾಡಲಿಲ್ಲ, ಜಗಳವನ್ನೂ ಮಾಡಲಿಲ್ಲ. ಊರಿಗೆ ಬಂದವರು ಹೆಂಡತಿ ಮಕ್ಕಳನ್ನು ಕರೆದುಕೊಂಡು, ಹೊಲ, ಮನೆ, ಜಗುಲಿ ಎಲ್ಲವನ್ನೂ ತಮ್ಮನಿಗೇ ಬಿಟ್ಟು ಶಹಾಪುರಕ್ಕೆ ಹೊರಟುಬಂದರು. ಮತ್ತೆ ಬಳಿಚಕ್ರದ ನೀರು ಕುಡಿಯಲಿಲ್ಲ.

“ಅಂವ ನಿಮ್ಮ ಮುತ್ತಜ್ಜ,” ಎಂದ ದಾಯಾದಿ. “ಹಿರೇ ಮನಿ ನಿಮ್ದೇ ಅದ. ನಮ್ಮ ಮನ್ಯಾಗ ಎಲ್ಲರಿಗೂ ಗೊತ್ತದ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೆ.

“ಹೇಳಿದ್ರ ಟಾವೆಲ್ ಕೊಡಬೇಕಾಗ್ತಿತ್ತಲ್ಲೋ ತಮ್ಮಾ.”

ಇದಕ್ಕಿಂತ ಪ್ರಾಮಾಣಿಕವಾದ ಉತ್ತರವನ್ನು ನಾನು ಯಾವ ಕಚೇರಿಯಲ್ಲೂ ಕೇಳಿರಲಿಲ್ಲ. ನನಗೆ ಬಂದ ಸಿಟ್ಟು ಸಣ್ಣದಲ್ಲ. ತಿಂಗಳುಗಟ್ಟಲೆ ಹುಡುಕಿ, ತಪ್ಪು ಪುರಾವೆಯಿಂದ ಸರಿಯಾದ ಹಕ್ಕನ್ನು ಗೆದ್ದು, ಸರಿಯಾದ ಪುರಾವೆಯಿಂದ ಅದೇ ಹಕ್ಕನ್ನು ಸಭೆಯ ಮುಂದೆ ಕೈಯಾರೆ ಬಿಟ್ಟುಕೊಟ್ಟಿದ್ದೆ. ಆದರೂ ಸಿಟ್ಟಿನ ಒಳಗಡೆ ಬೇರೊಂದು ಭಾವನೆ ಕದಲುತ್ತಿತ್ತು. ಮುತ್ತಜ್ಜನ ಒಂದು ಚಿತ್ರವೂ ನಮ್ಮಲ್ಲಿಲ್ಲ. ಹೆಸರೊಂದನ್ನು ಬಿಟ್ಟರೆ ಯಾವ ತಾಣವೂ ನನಗೆ ಅವರ ಬಗ್ಗೆ ಏನನ್ನೂ ಕೊಟ್ಟಿರಲಿಲ್ಲ. ಈಗ ಅವರು ಎರಡನೆಯ ಶಲ್ಯವನ್ನು ನೋಡಿದ ನೋಟ, ಎದ್ದ ಬಗೆ, ಒಂದು ಮಾತೂ ಆಡದೆ ನಡೆದ ನಡಿಗೆ ಎಲ್ಲವೂ ಕಣ್ಣಿಗೆ ಕಟ್ಟಿದವು. ವಡಗೇರಾದಲ್ಲಿ ನಾನು ಎದ್ದಾಗ ನನಗೆ ಯಾರೂ ಕಲಿಸಿರಲಿಲ್ಲ. ಅವರು ಮಾಡಿದ್ದು ಸರಿಯಾಗಿಯೇ ಇತ್ತು ಎಂದು ನಾನು ಇಂದಿಗೂ ಹೇಳುತ್ತೇನೆ.

ಅಷ್ಟಾದರೂ ಅಜ್ಜಿಯ ಬಾಯಿಮಾತು ದಾಖಲೆಯಾಗುತ್ತದೆಯೇ? ಯೋಚಿಸಿದೆ. ತನ್ನ ಲಾಭಕ್ಕೆ ಹೇಳಿದ ಮಾತನ್ನು ನಂಬುವಂತಿಲ್ಲ. ತನಗೆ ನಷ್ಟವಾಗುವ ಮಾತನ್ನು ಎದುರು ಪಕ್ಷದವನೇ ಹೇಳಿದರೆ ತಳ್ಳಿಹಾಕುವಂತಿಲ್ಲ. ಜೇಬಿನಿಂದ ಫೋನ್ ತೆಗೆದು ಅವನ ಬಾಯಿಯ ಹತ್ತಿರ ಹಿಡಿದು, ಈಗ ಹೇಳಿದ್ದನ್ನೆಲ್ಲ ಮೊದಲಿಂದ ಇನ್ನೊಮ್ಮೆ ಹೇಳು ಎಂದೆ. ಒಲ್ಲೆನೆಂದ. ಆಮೇಲೆ ಗಂಟಲು ಸರಿಮಾಡಿಕೊಂಡು, ಆಕಾಶವಾಣಿಯವರ ಹಾಗೆ ಎದೆ ಸೆಟೆಸಿ ಕುಳಿತು ಹೇಳಿದ. ಎರಡನೆಯ ಸಲ ಹೇಳುವಾಗ ಎತ್ತುಗಳಿಗೆ ಬಣ್ಣ ಬಂತು, ಒಂದು ಕುಂಟುತ್ತಿತ್ತೆಂದೂ ಸೇರಿತು. ಆ ಭಾಗವನ್ನು ನಾನು ಖಚಿತವಲ್ಲ ಎಂದು ಗುರುತುಹಾಕಿದ್ದೇನೆ.

ಆ ಧ್ವನಿಯನ್ನು ವಂಶವೃಕ್ಷದ ತಾಣದಲ್ಲಿ ಮುತ್ತಜ್ಜನ ಹೆಸರಿನ ಕೆಳಗೆ ಏರಿಸಿದ್ದೇನೆ. ನಮ್ಮವರು ಯಾರು ಬೇಕಾದರೂ ಕೇಳಬಹುದು. ಅದರಲ್ಲಿ ಹಲಗೆಯ ಸದ್ದಿದೆ, ತಟ್ಟೆಗಳ ಸದ್ದಿದೆ. ಕೊನೆಯಲ್ಲಿ ದಾಯಾದಿಯ ಮಾತಿನ ಮೇಲೆಯೇ ನನ್ನ ಹೆಂಡತಿಯ ಧ್ವನಿ ಬೀಳುತ್ತದೆ: “ಹುಗ್ಗಿ ಮುಗ್ಯಾಕತ್ತದ, ಇಬ್ರೂ ಏಳ್ರಿ.” ಆ ತುಂಡನ್ನು ಕತ್ತರಿಸಬಹುದಿತ್ತು. ದಾಖಲೆಯನ್ನು ತಿದ್ದುವ ಅಭ್ಯಾಸ ನನಗಿಲ್ಲ.